ಅಪ್ಪ ಮುದ್ದೆ ಬಿಟ್ಟ ವರ್ಷ

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಬೆರಳಲ್ಲೇ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಅದು ತಾನಾಗಿ ಜಾರಿಕೊಂಡು ಹೋಗಬೇಕು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಕೂತವರು ನಗುತ್ತಾರೆ. ಮದ್ದೂರಿನ ಹತ್ತಿರದ ನಮ್ಮೂರಿಗೆ ನನ್ನ ಆಫೀಸಿನ ಗೆಳತಿಯರು ಬಂದಾಗಲೆಲ್ಲ ಅಪ್ಪ ಇದನ್ನು ಪಾಠದ ಹಾಗೆ ಹೇಳಿಕೊಡುತ್ತಿದ್ದರು. 'ನುಂಗ್‌ಬೇಕು ಕಣವ್ವ, ಅಗೀಬಾರ್ದು.'

ಆ ಅಪ್ಪ ಮುದ್ದೆ ಬಿಟ್ಟಿದ್ದಾರೆ ಅನ್ನುವುದು ನನಗೆ ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು.

ದಿನಾ ರಾತ್ರಿ ಒಂಬತ್ತಕ್ಕೆ ವಿಡಿಯೋ ಕಾಲ್ ಮಾಡುತ್ತೇನೆ. 'ಊಟ ಆಯ್ತಾ?' 'ಆಯ್ತು ಕಣವ್ವ.' 'ಏನ್ ಸಾರು?' 'ಬಸ್ಸಾರು.' ಮುಗೀತು. ಸಾರು ಯಾವುದು ಅಂತ ಕೇಳಿದೆನೇ ಹೊರತು ಅದರ ಜೊತೆ ಏನು ತಿಂದರು ಅಂತ ಒಂದು ದಿನವೂ ಕೇಳಲಿಲ್ಲ. ಫೋನಿನಲ್ಲಿ ಅಪ್ಪನ ಮುಖದ ಅರ್ಧ ಮತ್ತು ಮನೆಯ ಸೂರು ಕಾಣುತ್ತಿತ್ತು. ಮುಖ ಇಳಿದಿರುವುದು ಕಂಡಿತ್ತು, ನಿಜ. ಬಿಸಿಲು, ಕಬ್ಬಿನ ಕಟಾವು, ವಯಸ್ಸು 61 ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಗುಟ್ಟು ಬಯಲಾಗಿದ್ದು ಚಿಕ್ಕಪ್ಪನ ಮಗಳ ಬೀಗರ ಊಟದ ದಿನ. ಮಂಡ್ಯ ಸೀಮೆಯ ಬೀಗರ ಊಟ ಅಂದರೆ ಗೊತ್ತಲ್ಲ, ಮದುವೆಗಿಂತ ಜೋರು. ಅಪ್ಪ ಮನೆಗೆ ಹಿರಿಯರು, ಮೊದಲನೇ ಪಂಕ್ತಿಯಲ್ಲಿ ಬೀಗರ ಪಕ್ಕವೇ ಕೂರಬೇಕು. ಕೂತರು. ಎರಡನೇ ತುತ್ತಿಗೋ ಮೂರನೇ ತುತ್ತಿಗೋ ಮಟನ್ ತುಂಡು ನುಂಗಿದ್ದೇ ಅಪ್ಪನ ಕೈ ನಿಂತುಹೋಯಿತು. ಎದೆಯ ಮೇಲೆ ಅಂಗೈ ಇಟ್ಟುಕೊಂಡರು. ಆಮೇಲೆ ಯಾರಿಗೂ ಏನೂ ಹೇಳದೆ ಎದ್ದು ಶಾಮಿಯಾನದ ಹಿಂದೆ ಹೋದರು.

ನಾನು ಹೋಗಿ ನೋಡುವಾಗ ಸಂಪಿನ ಕಟ್ಟೆ ಹಿಡಿದು ಬಗ್ಗಿ ನಿಂತಿದ್ದರು. ಬಾಯಿಂದ ಎಂಜಲು ನೂಲಿನ ಹಾಗೆ ಇಳಿಯುತ್ತಿತ್ತು. ಉಗುಳು ಕೂಡ ಒಳಗೆ ಹೋಗುತ್ತಿರಲಿಲ್ಲ. ಉಸಿರಾಟ ಸರಿಯಾಗಿತ್ತು, ಮಾತೂ ಬರುತ್ತಿತ್ತು. 'ಏನಿಲ್ಲ ಬುಡು, ಒಸಿ ಹಿಡ್ಕಂಡದೆ.' ಅಷ್ಟರಲ್ಲಿ ಸುತ್ತ ಜನ ಸೇರಿದರು. ಒಬ್ಬರು ಬಾಳೆಹಣ್ಣು ತಂದರು, ಒಬ್ಬರು ಸೋಡಾ ಕುಡಿಸಿ ಅಂದರು, ಇನ್ನೊಬ್ಬರು ಮೀನಿನ ಮುಳ್ಳಿಗೆ ಮಾಡುವ ಹಾಗೆ ಅನ್ನದ ಉಂಡೆ ನುಂಗಿಸಿ ಅಂದರು. ಅವ್ವ ಬೆನ್ನು ಗುದ್ದುತ್ತಿದ್ದಳು. ಅರ್ಧ ಗಂಟೆ ಬಿಟ್ಟು ಅದು ತಾನಾಗಿಯೇ ಇಳಿಯಿತು. ಅಪ್ಪ ಮುಖ ತೊಳೆದುಕೊಂಡು, ಟವೆಲ್ ಕೊಡವಿ, ಬೀಗರ ಹತ್ತಿರ ಹೋಗಿ ಎಲೆ ಅಡಿಕೆ ಕೊಟ್ಟರು.

ನಾನು ನಡುಗುತ್ತಿದ್ದೆ. ಅವ್ವ ಮಾತ್ರ ಸಮಾಧಾನವಾಗಿ, 'ಇದೇನ್ ಹೊಸ್ದಾ? ಇದು ಮೂರ್ನೇ ಸಲ' ಅಂದಳು.

ಇದನ್ನು ಓದುವವರಿಗೆ ಇಲ್ಲೇ ಹೇಳಿಬಿಡುತ್ತೇನೆ, ನಾವು ಆ ದಿನ ಮಾಡಿದ್ದು ತಪ್ಪು. ನುಂಗಿದ್ದು ಸಿಕ್ಕಿಕೊಂಡು ಉಗುಳೂ ಇಳಿಯುತ್ತಿಲ್ಲ ಅಂದರೆ ಅದರ ಮೇಲೆ ಇನ್ನೊಂದು ಉಂಡೆ ತುರುಕಬಾರದು, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು. ನೀರು ಇಳಿಯುತ್ತಿದ್ದು ತುಂಡು ಮಾತ್ರ ಕೂತಿದ್ದರೂ 24 ಗಂಟೆಯೊಳಗೆ ಅದನ್ನು ತೆಗೆಸಲೇಬೇಕು. ನಮ್ಮ ಅದೃಷ್ಟಕ್ಕೆ ಅದು ಇಳಿಯಿತು, ಅಷ್ಟೇ.

ಅವ್ವನ ಅಡುಗೆಮನೆ ಮೊದಲೇ ಹೇಳಿತ್ತು

ಆ ರಾತ್ರಿ ಅವ್ವನನ್ನು ಕೂರಿಸಿಕೊಂಡು ಕೇಳಿದೆ. ಒಂದೊಂದಾಗಿ ಹೊರಗೆ ಬಂತು. ಮೊದಲು ಬಿಟ್ಟಿದ್ದು ಮಾಂಸ. ಆಮೇಲೆ ಚಪಾತಿ. 'ಒಣಗ್ತದೆ' ಅಂದರಂತೆ. ಆಮೇಲೆ ಮುದ್ದೆ. ಅಷ್ಟು ದಿನ ಮುದ್ದೆ ಉಂಡವರು ಅನ್ನ ಕೇಳಿದಾಗ ಅವ್ವನಿಗೆ ಆಶ್ಚರ್ಯವಾಗಿತ್ತು, ಆದರೆ ಶುಗರ್ ಇಲ್ಲದ ಮನುಷ್ಯ, ಉಣ್ಣಲಿ ಬಿಡು ಅಂದುಕೊಂಡಿದ್ದಳು. ಅನ್ನಕ್ಕೆ ನೀರು ಒಂದು ಲೋಟ ಹೆಚ್ಚು ಹಾಕತೊಡಗಿದಳು. ದೋಸೆಯನ್ನು ಕಾಫಿಯಲ್ಲಿ ಅದ್ದಿ ಕೊಟ್ಟಳು. ಇತ್ತೀಚೆಗೆ ರಾತ್ರಿ ಹೊತ್ತು ಅಂಬಲಿ, ಗಂಜಿ. ಎಲ್ಲರ ಜೊತೆ ಕೂತರೆ ಎದ್ದು ಹೋಗಬೇಕಾಗುತ್ತದೆ ಅಂತ ಅಪ್ಪ ಕಡೆಗೆ ಒಬ್ಬರೇ ಉಣ್ಣುತ್ತಿದ್ದರು. ತೂಕ 68 ಕೆ.ಜಿ. ಇದ್ದದ್ದು 58ಕ್ಕೆ ಬಂದಿತ್ತು.

ಯಾರೂ ಸುಳ್ಳು ಹೇಳಿರಲಿಲ್ಲ. ಮನೆ ಮನೆಯೇ ಅಪ್ಪನ ಗಂಟಲಿಗೆ ಹೊಂದಿಕೊಂಡುಬಿಟ್ಟಿತ್ತು. ಪ್ರತಿ ಸಲ ಒಂದಿಷ್ಟು ಮೆತ್ತಗೆ, ಒಂದಿಷ್ಟು ತೆಳ್ಳಗೆ. ಇಳಿಯುವಷ್ಟು ಮೆತ್ತಗೆ ಮಾಡಿಕೊಟ್ಟ ಮೇಲೆ ಕಾಯಿಲೆ ಎಲ್ಲಿ ಕಾಣಬೇಕು?

ಇನ್ನೂ ಒಂದು ಸಂಗತಿ ಇತ್ತು. ಅಪ್ಪನಿಗೆ ಹದಿನೈದು ವರ್ಷದಿಂದ ಎದೆ ಉರಿ. ಆಲೆಮನೆ ಕೆಲಸ, ಹೊತ್ತಿಲ್ಲದ ಹೊತ್ತಿಗೆ ಊಟ, ಮೊದಲೆಲ್ಲ ಬೀಡಿ, ಆಮೇಲೆ ಮಂಡಿ ನೋವಿಗೆ ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ. ಉರಿ ಬಂದಾಗ ಸೋಡಾ, ಜೀರಿಗೆ ಕಷಾಯ, ಒಂದು ಗ್ಯಾಸ್ ಮಾತ್ರೆ. ತಾಲ್ಲೂಕಿನ ಒಬ್ಬ ಡಾಕ್ಟರೂ ಎರಡು ವರ್ಷ ಬರೀ ಅದನ್ನೇ ಬರೆದುಕೊಟ್ಟಿದ್ದರು, ನುಂಗಲು ಆಗುತ್ತದಾ ಅಂತ ಕೇಳಿರಲಿಲ್ಲ. ಆದರೆ ಕಳೆದ ವರ್ಷದಿಂದ ಎದೆ ಉರಿ ಕಮ್ಮಿಯಾಗಿತ್ತು! ಅಪ್ಪನಿಗೆ ಅದೇ ದೊಡ್ಡ ಸಂತೋಷ. 'ಉರಿ ವಾಸಿ ಆಯ್ತು ನೋಡು, ಇನ್ನೇನ್ ಆಸ್ಪತ್ರೆ?'

ಆಮೇಲೆ ತಿಳಿಯಿತು, ಅದು ವಾಸಿಯಾದ ಗುರುತಾಗಿರಲಿಲ್ಲ. ದಾರಿ ಕಿರಿದಾದಾಗ ಹೊಟ್ಟೆಯ ಆಮ್ಲ ಮೇಲೆ ಬರುವುದೂ ಕಡಿಮೆಯಾಗಬಹುದು. ಉರಿ ನಿಂತಿದೆ, ನುಂಗಲು ಕಷ್ಟ ಶುರುವಾಗಿದೆ ಅಂದರೆ ಖುಷಿ ಪಡುವಂಥದ್ದಲ್ಲ.

'ಮೊದ್ಲು ಯಾವ್ದು ನಿಂತಿದ್ದು?'

ಬೆಂಗಳೂರಿಗೆ ಕರೆತರಲು ಹದಿನೈದು ದಿನ ಜಗಳವಾಡಬೇಕಾಯಿತು. 'ಬಾಯೊಳಕ್ಕೆ ಪೈಪ್ ಬುಡ್ತಾರಂತೆ, ನಾನ್ ಬರಾಕಿಲ್ಲ.' ಆ ಹದಿನೈದು ರಾತ್ರಿ ನಾನು ಫೋನಿನಲ್ಲಿ ಏನೇನು ಹುಡುಕಿದೆ ಅಂತ ನೀವು ಊಹಿಸಬಹುದು. ಅರವತ್ತು ದಾಟಿದ ಗಂಡಸು, ಬೀಡಿ ಸೇದಿದವರು, ನುಂಗಲು ಕಷ್ಟ, ತೂಕ ಇಳಿಕೆ. ಎಲ್ಲ ಹುಡುಕಾಟವೂ ಒಂದೇ ಪದಕ್ಕೆ ತಂದು ನಿಲ್ಲಿಸುತ್ತಿತ್ತು. ಆ ಪದವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನೋಡಿದ ಗ್ಯಾಸ್ಟ್ರೋ ಡಾಕ್ಟರ್ ಒಬ್ಬ ಮಹಿಳೆ. ಕಂಪ್ಯೂಟರ್ ಕಡೆ ತಿರುಗದೆ ಅಪ್ಪನ ಕಡೆ ತಿರುಗಿ ಕೂತು ಕೇಳಿದರು, 'ಯಜಮಾನ್ರೇ, ಮೊದ್ಲು ಯಾವ್ದು ನಿಂತಿದ್ದು? ಮಾಂಸನಾ, ಮುದ್ದೆನಾ, ನೀರಾ?'

ಅಪ್ಪ ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು. ಮಾಂಸ, ಚಪಾತಿ, ಮುದ್ದೆ, ಗಟ್ಟಿ ಅನ್ನ. ನೀರು ಇಳೀತದೆ.

ಆ ಒಂದು ಪ್ರಶ್ನೆಯಲ್ಲಿ ಅರ್ಧ ಪರೀಕ್ಷೆ ಮುಗಿದಿತ್ತು. ಮೊದಲು ಗಟ್ಟಿ ಪದಾರ್ಥ, ನಿಧಾನವಾಗಿ ಮೆತ್ತನೆಯದು ನಿಲ್ಲುತ್ತಾ ಬಂದರೆ ಅನ್ನನಾಳದಲ್ಲಿ ಎಲ್ಲೋ ದಾರಿ ಕಿರಿದಾಗುತ್ತಿದೆ ಅಂತ ಲೆಕ್ಕ. ಮೊದಲ ದಿನದಿಂದಲೇ ಗಟ್ಟಿಯದೂ ನೀರೂ ಎರಡೂ ಕಷ್ಟ ಅಂದರೆ ನಾಳದ ಸ್ನಾಯುಗಳ ಚಲನೆಯ ತೊಂದರೆ ಇರಬಹುದು, ಅದರ ದಾರಿಯೇ ಬೇರೆ. ದಾರಿ ಕಿರಿದಾಗಿದೆ ಅನ್ನುವುದು ಗೊತ್ತಾಯಿತು. ಯಾವುದರಿಂದ ಅನ್ನುವುದು ಒಳಗೆ ನೋಡದೆ, ತುಣುಕು ತೆಗೆಯದೆ ಹೇಳಲಾಗುವುದಿಲ್ಲ ಅಂದರು.

ಎಂಡೋಸ್ಕೋಪಿ ಆಯಿತು. ಮಾಮೂಲಿ ಸ್ಕೋಪ್ ಸುಮಾರು 9-10 ಮಿ.ಮೀ. ದಪ್ಪ ಇರುತ್ತದಂತೆ, ಅದು ದಾಟಲಿಲ್ಲ. ಅನ್ನನಾಳ ಹೊಟ್ಟೆಗೆ ಸೇರುವ ಜಾಗಕ್ಕಿಂತ ಸ್ವಲ್ಪ ಮೇಲೆ, ಒಂದು ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 7 ಮಿ.ಮೀ. ದಾರಿ ಉಳಿದಿತ್ತು. ಮಗುವಿಗೆ ಬಳಸುವಂಥ ಸಣ್ಣ ಸ್ಕೋಪ್ ಹಾಕಿ ಕೆಳಗಿನದನ್ನೂ ನೋಡಿದರು, ಕಿರಿದಾದ ಜಾಗದಿಂದ ನಾಲ್ಕಾರು ತುಣುಕು ಬಯಾಪ್ಸಿಗೆ ಕಳಿಸಿದರು.

ವರದಿಗೆ ಆರು ದಿನ. ಅಪ್ಪ ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೂತು ಎದುರುಗಡೆ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಕ್ರೇನ್ ನೋಡುತ್ತಿದ್ದರು. ನಾಲ್ಕನೇ ದಿನ, ಕ್ರೇನಿನಿಂದ ಕಣ್ಣು ತೆಗೆಯದೆ, 'ಆ ಗದ್ದೆ ಪಹಣಿ ನಿಮ್ಮಿಬ್ರ ಹೆಸ್ರಿಗೂ ಮಾಡ್ಸಬೇಕು' ಅಂದರು. ನಾನು ಒಳಗೆ ಹೋಗಿ ಮಿಕ್ಸಿ ಹಾಕಿದೆ. ರುಬ್ಬಲು ಏನೂ ಇರಲಿಲ್ಲ.

ಆರನೇ ದಿನ ವರದಿ ಬಂತು. ಡಾಕ್ಟರ್ ಅದರಲ್ಲಿನ ಒಂದು ಪದಕ್ಕೆ ಪೆನ್ನಲ್ಲಿ ಗೆರೆ ಎಳೆದು ತೋರಿಸಿದರು, ಬಿನೈನ್. 'ಅಂಗಂದ್ರೆ?' ಅಂದರು ಅಪ್ಪ. 'ಕೆಟ್ಟದ್ದಲ್ಲ ಅಂತ. ಕ್ಯಾನ್ಸರ್ ಇಲ್ಲ.' ನಾನು ಅಳುವುದಕ್ಕೆ ಶುರು ಮಾಡಿದ್ದೆ. ಅವ್ವ ಮಾತ್ರ ನೆಟ್ಟಗೆ ಕೂತು ಕೇಳಿದಳು, 'ಕೆಟ್ಟದ್ದಲ್ದಿದ್ರೆ ಯಾಕಂಗೆ ಊಟ ನಿಂತೋಯ್ತು ಮತ್ತೆ?'

ಡಾಕ್ಟರ್ ನಕ್ಕರು. ಆದರೆ ಸರಿಯಾದ ಪ್ರಶ್ನೆ ಅಂತಲೂ ಅಂದರು. ಕ್ಯಾನ್ಸರ್ ಅಲ್ಲ ಅನ್ನುವುದು ದೊಡ್ಡ ಸಮಾಧಾನ, ಹಾಗಂತ ಸಣ್ಣ ಕಾಯಿಲೆ ಅಂತ ಅರ್ಥ ಅಲ್ಲ. ಊಟ ಇಳಿಯದೆ ಮನುಷ್ಯ ಸೊರಗಿಹೋಗಬಹುದು, ಸಿಕ್ಕಿಕೊಂಡಿದ್ದು ರಾತ್ರಿ ಮಲಗಿದಾಗ ಶ್ವಾಸಕೋಶಕ್ಕೆ ಇಳಿಯಬಹುದು.

ವಿಷಯ ಇಷ್ಟು. ನಮ್ಮ ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಸ್ನಾಯುವಿನ ಕೊಳವೆ. ಊಟ ಇಳಿಯುವಾಗ ಅದು ಒಂದು ರೂಪಾಯಿ ನಾಣ್ಯದಷ್ಟು, ಅಂದರೆ 2 ಸೆಂ.ಮೀ.ನಷ್ಟು ಆರಾಮವಾಗಿ ಹಿಗ್ಗುತ್ತದೆ. ಕೆಳತುದಿಯಲ್ಲಿರುವ ಸ್ನಾಯುವಿನ ಬಾಗಿಲು ಸಡಿಲವಾಗಿ ವರ್ಷಗಟ್ಟಲೆ ಆಮ್ಲ ಮೇಲಕ್ಕೆ ಬರುತ್ತಿದ್ದರೆ ಅಲ್ಲಿ ಹುಣ್ಣಾಗುತ್ತದೆ, ಮಾಯುತ್ತದೆ, ಮತ್ತೆ ಹುಣ್ಣಾಗುತ್ತದೆ. ಕೈ ಸುಟ್ಟ ಗಾಯ ಮಾಯ್ದ ಮೇಲೆ ಚರ್ಮ ಎಳೆದುಕೊಂಡು ಬಿಗಿಯಾಗುತ್ತದಲ್ಲ, ಒಳಗೂ ಹಾಗೇ ಕಲೆ ಕಟ್ಟಿ ಕೊಳವೆ ಬಿಗಿಯುತ್ತದೆ. ಡಾಕ್ಟರುಗಳು ಇದನ್ನು ಸ್ಟ್ರಿಕ್ಚರ್ ಅನ್ನುತ್ತಾರೆ. ದಾರಿ ಸುಮಾರು 13 ಮಿ.ಮೀ.ಗಿಂತ ಕಿರಿದಾದರೆ ಗಟ್ಟಿ ಊಟ ಸಿಕ್ಕಿಕೊಳ್ಳಲು ಶುರು. ಅಪ್ಪ ಅದರ ಅರ್ಧಕ್ಕೆ ಬಂದಿದ್ದರು.

ಕೋಲು ತೂರಿಸುವ ವಿದ್ಯೆ

ಚಿಕಿತ್ಸೆಯ ಹೆಸರು ಡೈಲಟೇಷನ್. ಹಿಗ್ಗಿಸುವುದು ಅಂತಲೇ ಅರ್ಥ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಎರಡು ವಿಧ ಇವೆ. ಒಂದರಲ್ಲಿ ಸ್ಕೋಪಿನ ಮೂಲಕವೇ ಸಣ್ಣ ಬಲೂನ್ ಕಳಿಸಿ, ಕಿರಿದಾದ ಜಾಗದಲ್ಲಿ ಉಬ್ಬಿಸುತ್ತಾರೆ. ಹೃದಯದ ರಕ್ತನಾಳಕ್ಕೆ ಬಲೂನ್ ಹಾಕುವುದು ಕೇಳಿದ್ದೀರಲ್ಲ, ಅದೇ ಯೋಚನೆ. ಇನ್ನೊಂದರಲ್ಲಿ ಸ್ಕೋಪ್ ಮೂಲಕ ತೆಳ್ಳನೆಯ ತಂತಿಯೊಂದನ್ನು ಹೊಟ್ಟೆಯವರೆಗೆ ಇಳಿಬಿಟ್ಟು, ಸ್ಕೋಪ್ ಹೊರತೆಗೆದು, ಆ ತಂತಿಯ ಮೇಲೆ ಪೋಣಿಸಿದ ಹಾಗೆ ಬಾಗುವ ಪ್ಲಾಸ್ಟಿಕ್ ಕಡ್ಡಿಗಳನ್ನು ಒಂದಾದ ಮೇಲೊಂದು ಇಳಿಸುತ್ತಾರೆ. ತುದಿ ಚೂಪು, ಆಮೇಲೆ ದಪ್ಪ. ಮೊದಲು ಸಣ್ಣದು, ನಂತರ ಅದಕ್ಕಿಂತ ದಪ್ಪದ್ದು. ಕಡ್ಡಿಗೆ ಬೂಜಿ ಅಂತ ಹೆಸರು. ಅಪ್ಪ ಅದನ್ನು ಕೊನೆಯವರೆಗೂ 'ಕೋಲು' ಅಂತಲೇ ಕರೆದರು.

ಹೆಸರಿಗೊಂದು ಕಥೆ ಇದೆ. ಅಲ್ಜೀರಿಯಾದ ಕಡಲ ತೀರದಲ್ಲಿ ಬೂಜಿ ಅನ್ನುವ ಊರು, ಈಗ ಬೆಜಾಯಾ ಅನ್ನುತ್ತಾರೆ, ಒಂದು ಕಾಲಕ್ಕೆ ಜೇನುಮೇಣಕ್ಕೆ ಪ್ರಸಿದ್ಧ. ಅಲ್ಲಿನ ಮೇಣದಿಂದಾಗಿ ಫ್ರೆಂಚರು ಮೇಣದ ಬತ್ತಿಗೇ ಆ ಊರಿನ ಹೆಸರಿಟ್ಟರು. ಹಳೇ ಕಾಲದ ವೈದ್ಯರು ಕಿರಿದಾದ ನಾಳಗಳಲ್ಲಿ ಮೇಣದ ಬತ್ತಿ ತೂರಿಸುತ್ತಿದ್ದರಿಂದ ಉಪಕರಣಕ್ಕೂ ಅದೇ ಹೆಸರಾಯಿತು. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯರು ಊಟ ಕೆಳಗಿಳಿಯದ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ತಿಮಿಂಗಿಲದ ಬಾಯಿಯ ಎಲುಬಿನಂಥ ಪಟ್ಟಿಯ ತುದಿಗೆ ಸ್ಪಂಜ್ ಕಟ್ಟಿಕೊಟ್ಟರಂತೆ. ಆ ಮನುಷ್ಯ ಪ್ರತಿ ಊಟಕ್ಕೂ ಅದರಿಂದ ತಾನೇ ತಳ್ಳಿಕೊಂಡು ವರ್ಷಗಟ್ಟಲೆ ಬದುಕಿದನಂತೆ. ಆತನದು ಸ್ನಾಯುವಿನ ಬಾಗಿಲು ತೆರೆಯದ ಬೇರೆ ಕಾಯಿಲೆ ಅಂತ ಈಗಿನವರು ಹೇಳುತ್ತಾರೆ. ಇದನ್ನು ಅಪ್ಪನಿಗೆ ಹೇಳಿದೆ. ಧೈರ್ಯ ಬರಲಿ ಅಂತ ಹೇಳಿದ್ದು. 'ಊಟಕ್ ಮೊದ್ಲು ದಿನಾ ಕೋಲಾ?' ಅಂತ ಇನ್ನಷ್ಟು ಹೆದರಿಕೊಂಡರು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನನ್ನ ಕೈಯೇ ನಿಂತಿತು. ನಾಳಕ್ಕೆ ತೂತು ಬೀಳುವ ಸಾಧ್ಯತೆ ಅಂತ ಬರೆದಿತ್ತು. ಡಾಕ್ಟರ್ ಮುಚ್ಚಿಡಲಿಲ್ಲ. ನೂರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಆದರೆ ದೊಡ್ಡದು, ಆಪರೇಷನ್ ಬೇಕಾಗಬಹುದು. ಆದ್ದರಿಂದಲೇ ಒಂದೇ ದಿನಕ್ಕೆ ಪೂರ್ತಿ ಹಿಗ್ಗಿಸುವುದಿಲ್ಲ. ಕಡ್ಡಿ ಬಿಗಿ ಅನ್ನಿಸತೊಡಗಿದ ಮೇಲೆ ಆವತ್ತಿಗೆ ಒಂದೊಂದೇ ಮಿ.ಮೀ.ನಂತೆ ಮೂರು ಅಳತೆಗಿಂತ ಮುಂದೆ ಹೋಗಬಾರದು ಅನ್ನುವುದು ಈ ಕೆಲಸದವರ ಹಳೆಯ ನಿಯಮ. 'ನಾವು ಇದನ್ನ ಹರಿಯೋದಲ್ಲ, ಒಗ್ಗಿಸೋದು' ಅಂದರು. ಆ ಮಾತು ಅಪ್ಪನಿಗೆ ಹಿಡಿಸಿತು.

ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನಿಲ್ಲ. ಗಂಟಲಿಗೆ ಮರಗಟ್ಟುವ ಸ್ಪ್ರೇ, ಕೈಗೆ ನಿದ್ದೆಯ ಇಂಜೆಕ್ಷನ್, ಎಡಮಗ್ಗುಲಿಗೆ ಮಲಗಿಸಿ ಹಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಬಳೆ. ಒಳಗೆ ಹೋಗಿದ್ದು, ಹೊರಗೆ ಬಂದಿದ್ದು ಎಲ್ಲ ಸೇರಿ ಅರ್ಧ ಗಂಟೆ ಇರಬಹುದು. ಕಡ್ಡಿಯ ತುದಿಯಲ್ಲಿ ಸ್ವಲ್ಪ ರಕ್ತ ಇತ್ತು, ಅದು ಮಾಮೂಲು ಅಂದರು. ಆವತ್ತು 10 ಮಿ.ಮೀ.ವರೆಗೆ ಹೋಗಿತ್ತು.

ಎದ್ದ ಮೇಲೆ ಅಪ್ಪನಿಗೆ ಏನೂ ನೆನಪಿಲ್ಲ. 'ಯಾವಾಗ್ ಮಾಡ್ತಾರಂತೆ?' ಅಂತ ಕೇಳಿದರು.

ಕೆಲವು ಗಂಟೆ ಅಲ್ಲೇ ಇರಿಸಿಕೊಂಡರು. ಮೊದಲು ನೀರು ಗುಟುಕರಿಸಿ ನೋಡಿ, ಆವತ್ತೆಲ್ಲ ನೀರಾದ ಆಹಾರ, ಮರುದಿನದಿಂದ ಮೆತ್ತಗಿನದು. ಮನೆಗೆ ಕಳಿಸುವಾಗ ಒಂದು ಮಾತು ಎರಡು ಸಲ ಹೇಳಿದರು. ಎದೆ ಅಥವಾ ಬೆನ್ನಿನಲ್ಲಿ ಜೋರು ನೋವು, ಜ್ವರ, ಉಸಿರು ಕಟ್ಟುವುದು, ಕತ್ತಿನ ಚರ್ಮ ಒತ್ತಿದರೆ ಚರಚರ ಅನ್ನುವುದು, ಇದರಲ್ಲಿ ಯಾವುದಾದರೂ ಒಂದಾದರೂ ರಾತ್ರಿ ಎಷ್ಟೊತ್ತೇ ಇರಲಿ ಬರಬೇಕು. ಆ ರಾತ್ರಿ ನಾನು ಮೂರು ಸಲ ಎದ್ದು ಅಪ್ಪನ ಕತ್ತು ಮುಟ್ಟಿ ನೋಡಿದೆ. ಮೂರನೇ ಸಲಕ್ಕೆ 'ನಾನ್ ಅವ್ನೆ, ಮಲ್ಕೋ ಹೋಗವ್ವ' ಅಂದರು.

ಮತ್ತೆ ಬಿಗಿಯಿತು

ಎರಡು ವಾರಕ್ಕೆ ಎರಡನೇ ಸಲ, 12 ಮಿ.ಮೀ. ಅನ್ನ ಸಲೀಸಾಗಿ ಇಳಿಯತೊಡಗಿತು. ಅಪ್ಪ ಊರಿಗೆ ಹೊರಟರು. ಮೂರನೇ ಸಲಕ್ಕೆ ಬರಲೇ ಇಲ್ಲ.

ಕಟಾವು ಅಂದರು. ಹಬ್ಬ ಅಂದರು. 'ಅನ್ನ ಇಳೀತದಲ್ಲ, ಇನ್ನೆಷ್ಟ್ ಸಲ ಆ ಕೋಲು?' ನನಗೂ ಪ್ರಾಜೆಕ್ಟ್ ರಿಲೀಸ್ ಇತ್ತು. ರಜೆ ಕೇಳುವ ಕಷ್ಟ ತಪ್ಪಿತಲ್ಲ ಅಂತ ಒಳಗೊಳಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಆಮ್ಲದ ಮಾತ್ರೆಯನ್ನೂ ಅಪ್ಪ ಉರಿ ಇಲ್ಲ ಅಂತ ನಿಲ್ಲಿಸಿಬಿಟ್ಟಿದ್ದರು. ಅದು ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಿಗೆ ಅವ್ವನ ಫೋನು, ಈ ಸಲ ಕಾಯದೆ ಅವಳೇ ಮಾಡಿದಳು. 'ಅನ್ನಕ್ಕೆ ಮತ್ತೆ ನೀರ್ ಜಾಸ್ತಿ ಹಾಕ್ತಾ ಇವ್ನಿ ಕಣವ್ವ.'

ದಾರಿ ಮತ್ತೆ 9 ಮಿ.ಮೀ.ಗೆ ಬಂದಿತ್ತು.

ಡಾಕ್ಟರ್ ಬೈಯಲಿಲ್ಲ, ಇದು ಹೀಗೆ ಆಗುವುದೇ ಅಂದರು. ಒಂದು ಸಲಕ್ಕೆ ಮುಗಿಯುವವರೂ ಇದ್ದಾರೆ, ಹಲವರಿಗೆ ನಾಲ್ಕೈದು ಸಲ ಬೇಕು, ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಬೇಕಾಗಬಹುದು. ಕಲೆ ಕಟ್ಟಿದ ಜಾಗ ಮತ್ತೆ ಎಳೆದುಕೊಳ್ಳುತ್ತಲೇ ಇರುತ್ತದೆ. ವಾರ, ಎರಡು ವಾರಕ್ಕೊಮ್ಮೆ ಬಿಡದೆ ಹಿಗ್ಗಿಸಿ 14-15 ಮಿ.ಮೀ. ಮುಟ್ಟಿಸಿದರೆ ನಿಲ್ಲುವ ಸಾಧ್ಯತೆ ಹೆಚ್ಚು. ಕೆಳಗಿಂದ ಆಮ್ಲ ಸುಡುತ್ತಲೇ ಇದ್ದರೆ ಮೇಲಿಂದ ಎಷ್ಟು ಹಿಗ್ಗಿಸಿ ಏನು? ಮಾತ್ರೆ ಉರಿಗೆ ಅಲ್ಲ, ದಾರಿ ಮುಚ್ಚದಿರಲಿ ಅಂತ, ಉರಿ ಇರಲಿ ಬಿಡಲಿ ತಗೋಬೇಕು. ಇದನ್ನು ಮೊದಲನೇ ಸಲವೂ ಹೇಳಿದ್ದರು. ನಾವು ಕೇಳಿಸಿಕೊಂಡಿದ್ದು 'ಕ್ಯಾನ್ಸರ್ ಇಲ್ಲ' ಅನ್ನುವುದೊಂದನ್ನೇ.

ಎರಡೆರಡು ವಾರಕ್ಕೆ ಐದು ಸಲ ಮಾಡಿದರೂ 14 ಮಿ.ಮೀ. ಮುಟ್ಟದವರಿಗೆ ಬೇರೆ ದಾರಿಗಳಿವೆ. ಕಲೆಯ ಜಾಗಕ್ಕೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು ಹಿಗ್ಗಿಸುವುದು, ಕೆಲವು ಕಾಲ ಸ್ಟೆಂಟ್ ಇಡುವುದು. ಹೀಗೇ ಪದೇ ಪದೇ ಬಿಗಿಯುವ ಕೆಲವರಿಗೆ ತಾವೇ ಮನೆಯಲ್ಲಿ ಬೂಜಿ ಹಾಕಿಕೊಳ್ಳುವುದನ್ನೂ ಕಲಿಸುತ್ತಾರಂತೆ. ವಿಲ್ಲಿಸ್ ಕಾಲದ ಉಪಾಯ ಪೂರ್ತಿ ಹೋಗಿಲ್ಲ.

ನಮಗೆ ಅದು ಬೇಕಾಗಲಿಲ್ಲ. ಈ ಸಲ ದಿನಾಂಕಗಳನ್ನೆಲ್ಲ ಮೊದಲೇ ಬರೆಸಿಕೊಂಡು, ನಾನೂ ತಮ್ಮನೂ ಸರದಿಯಲ್ಲಿ ರಜೆ ಹಾಕಿದೆವು. 11, 12, 14, ಕೊನೆಗೆ 15. ಪ್ರತಿ ಸಲವೂ ವಾರ್ಡಿನಿಂದ ಹೊರಗೆ ಬರುತ್ತಲೇ ಅಪ್ಪ 'ಎಷ್ಟಾಯ್ತು?' ಅಂತ ಕೇಳುತ್ತಿದ್ದರು, ಮಾರ್ಕ್ಸ್ ಕೇಳುವ ಹಾಗೆ.

ಊರಿನಲ್ಲಿ ಮಂಚದ ತಲೆಕಡೆ ಕಾಲುಗಳಿಗೆ ಎರಡೆರಡು ಇಟ್ಟಿಗೆ ಬಂದವು. ರಾತ್ರಿ ಊಟ ಏಳೂವರೆಗೆ, ಮಲಗುವುದು ಹತ್ತೂವರೆ ಮೇಲೆ. ಮಂಡಿ ನೋವಿನ ಮಾತ್ರೆ ಅಂಗಡಿಯಿಂದ ತರುವ ಹಾಗಿಲ್ಲ. ಆಮ್ಲದ ಮಾತ್ರೆ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ. ಅದಕ್ಕೆ ಅವ್ವನೇ ಜವಾನಿ.

ನಮ್ಮ ವಯಸ್ಸಿನವರ ಪಾಡು

ಈ ಕಥೆಯನ್ನು ಆಫೀಸಿನ ಕ್ಯಾಂಟೀನಿನಲ್ಲಿ ಹೇಳುವಾಗ ನಮ್ಮ ಟೀಮಿನ ಹುಡುಗನೊಬ್ಬ ಸುಮ್ಮನೆ ಕೇಳುತ್ತಿದ್ದ. ಊಟಕ್ಕೆ ಎಲ್ಲರಿಗಿಂತ ಮೊದಲು ಕೂತು ಎಲ್ಲರಿಗಿಂತ ಕೊನೆಗೆ ಏಳುವವನು, ಪ್ರತಿ ತುತ್ತಿಗೂ ನೀರು ಕುಡಿಯುವವನು. ನಾವೆಲ್ಲ ಅವನನ್ನು ಎಷ್ಟು ಗೇಲಿ ಮಾಡಿದ್ದೇವೋ! 'ನಂಗೂ ಪರೋಟ ಹಿಡ್ಕೊಳತ್ತೆ' ಅಂದ. ಅವನಿಗೆ ಚಿಕ್ಕಂದಿನಿಂದ ಆಸ್ತಮಾ. ಎಂಡೋಸ್ಕೋಪಿಯಲ್ಲಿ ಗೊತ್ತಾಗಿದ್ದು ಅಲರ್ಜಿಯ ಜಾತಿಗೆ ಸೇರಿದ, ಅನ್ನನಾಳದ ಗೋಡೆಯೇ ಊದಿಕೊಳ್ಳುವ ಕಾಯಿಲೆ. ಇಸಿನೋಫಿಲಿಕ್ ಅನ್ನುತ್ತಾರೆ, ಯುವಕರಲ್ಲೂ ಕಾಣಿಸಿಕೊಳ್ಳುತ್ತದೆ. ಬಿಟ್ಟರೆ ಅದೂ ಕಿರಿದಾಗುತ್ತದೆ. ಅವನಿಗೆ ಈಗ ಔಷಧಿ ನಡೆಯುತ್ತಿದೆ.

ಹೆಂಗಸರಿಗೆ ಒಂದು ಮಾತು. ಕಬ್ಬಿಣಾಂಶ ತೀರಾ ಕಡಿಮೆಯಾಗಿ, ರಕ್ತಹೀನತೆ ವರ್ಷಗಟ್ಟಲೆ ಎಳೆದರೆ ಅನ್ನನಾಳದ ಮೇಲ್ಭಾಗದಲ್ಲಿ ತೆಳ್ಳನೆಯ ಪೊರೆ ಬೆಳೆದು ನುಂಗಲು ಅಡ್ಡಿಯಾಗಬಹುದು. ಸುಸ್ತು, ಬಿಳಿಚಿದ ಮುಖ, ಜೊತೆಗೆ ಗಂಟಲಲ್ಲಿ ಹಿಡಿದ ಹಾಗೆ ಅಂದರೆ ಟೆನ್ಷನ್ ಅಂತ ತಳ್ಳಿಹಾಕಬೇಡಿ. ಕಬ್ಬಿಣದ ಚಿಕಿತ್ಸೆ, ಬೇಕಾದರೆ ಒಂದು ಸಲ ಹಿಗ್ಗಿಸುವುದು, ಬಹುಪಾಲು ಸರಿಹೋಗುತ್ತದೆ. ಆದರೆ ಡಾಕ್ಟರ ಕಣ್ಣಲ್ಲಿ ಇರಬೇಕು.

ಮಾತ್ರೆಯನ್ನು ನೀರಿಲ್ಲದೆ ಗುಳುಂ ಅನ್ನಿಸಿ ಹಾಗೇ ಹಾಸಿಗೆಗೆ ಬೀಳುವವಳು ನಾನು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಕಬ್ಬಿಣದ ಮಾತ್ರೆ, ನೋವಿನ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಕೆಲವು ಮಾತ್ರೆ, ಇವು ಅನ್ನನಾಳದಲ್ಲೇ ಅಂಟಿಕೊಂಡು ಸುಡಬಲ್ಲವು. ಒಂದು ಲೋಟ ತುಂಬ ನೀರು, ಅರ್ಧ ಗಂಟೆ ಮಲಗಬಾರದು. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಒಂದು. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ದಯವಿಟ್ಟು ನೀರಿನ ಬಾಟಲಿಯಲ್ಲಿ ತುಂಬಿಸಿಡಬೇಡಿ. ಡೈಲಟೇಷನ್‌ಗೆ ಅಪ್ಪನ ಪಕ್ಕದಲ್ಲಿ ಕಾಯುತ್ತಿದ್ದ ಆರು ವರ್ಷದ ಹುಡುಗನ ಕಥೆ ಅದು. ಅವನದು ಎಷ್ಟನೇ ಸಲ ಅಂತ ಅವನ ತಾಯಿಗೆ ಲೆಕ್ಕ ತಪ್ಪಿತ್ತು. ಸುಟ್ಟು ಕಿರಿದಾದದ್ದು ಉದ್ದವಿರುತ್ತದೆ, ಹಟಮಾರಿ, ಬೇಗ ಮತ್ತೆ ಬಿಗಿಯುತ್ತದೆ. ಅಪ್ಪ ಅವನಿಗೆ ತಮ್ಮ ಕೋಲಿನ ಲೆಕ್ಕ ಹೇಳಿ ನಗಿಸುತ್ತಿದ್ದರು.

15 ಮಿ.ಮೀ. ಆದ ದಿನ ಅಪ್ಪ ಡಾಕ್ಟರನ್ನು ಕೇಳಿದ್ದು ಒಂದೇ. 'ಮುದ್ದೆ?' ಅವರು ಸ್ವಲ್ಪ ಯೋಚಿಸಿದರು. 'ಒಂದು ವಾರ ಬಿಟ್ಟು. ಸಣ್ಣ ಸಣ್ಣ ಉಂಡೆ, ಸಾರು ಜಾಸ್ತಿ. ಮಾಂಸ ಮಾತ್ರ ಚೆನ್ನಾಗಿ ಅಗೀಬೇಕು.' ಅಪ್ಪ ಗೋಣು ಹಾಕಿದರು. ಒಂದು ವಾರ ಅನ್ನುವುದನ್ನು ಅವ್ವ ದಿನ ಎಣಿಸಿ ಪಾಲಿಸಿದಳು.

ಈಗ ಎಂಟು ತಿಂಗಳಾಯಿತು. ತೂಕ 64ಕ್ಕೆ ಬಂದಿದೆ. ರಾತ್ರಿ ಕಾಲ್ ಮಾಡಿದಾಗ ಫೋನನ್ನು ತಟ್ಟೆ ಕಡೆ ತಿರುಗಿಸು ಅನ್ನುತ್ತೇನೆ. ಅಪ್ಪನಿಗೆ ಕಿರಿಕಿರಿ. 'ತಟ್ಟೆ ಏನ್ ನೋಡೀಯವ್ವ ದಿನಾ?' ಅಂತ ಗೊಣಗುತ್ತಲೇ ತಿರುಗಿಸುತ್ತಾರೆ. ನಿನ್ನೆ ಅರ್ಧ ಮುದ್ದೆ, ಹುರುಳಿ ಬಸ್ಸಾರು. ಇನ್ನರ್ಧ ಎಲ್ಲಿ ಅಂತ ಕೇಳಿದೆ. ಅವ್ವನ ದನಿ ಮಾತ್ರ ಕೇಳಿಸಿತು, 'ಅದು ಆಗ್ಲೇ ಒಳಗ್ ಹೋಯ್ತು.'